ಕಣ್ಣಿಗೆ ಮೊದಲ ಮೇಕಪ್: ಏನು ಕೊಳ್ಳಬೇಕು, ಹೇಗೆ ಹಚ್ಚಬೇಕು, ಹೇಗೆ ತೆಗೀಬೇಕು?

ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ

ಇವತ್ತಿನ ವಿಷಯ ಕಣ್ಣಿನ ಮೇಕಪ್. ಈಗಷ್ಟೇ ಶುರು ಮಾಡ್ತಿರೋರಿಗೆ, ಇಲ್ಲಿವರೆಗೂ ಒಂದು ಕಾಡಿಗೆ ಪೆನ್ಸಿಲ್ ಕೂಡ ಕೊಂಡಿಲ್ಲದೋರಿಗೆ ಈ ಸಂಚಿಕೆ. ಹುಡುಗರೂ ಕೇಳಿ. ಮನೇಲಿ ಅಕ್ಕ ತಂಗಿ ಇದ್ರೆ ಉಪಯೋಗಕ್ಕೆ ಬರುತ್ತೆ, ನೀವೇ ಹಚ್ಚೋರಾದ್ರೆ ಇನ್ನೂ ಒಳ್ಳೇದು.

ನನ್ನ ಚಿಕ್ಕಮ್ಮನ ಮನೆ ಮರ್ಫಿ ಟೌನ್‌ನಲ್ಲಿ. ಅವರ ಮಗಳು ಈ ವರ್ಷ ಡಿಗ್ರಿ ಮುಗಿಸಿದ್ಲು. ವೈಟ್‌ಫೀಲ್ಡ್‌ನ ಒಂದು ಆಫೀಸಿಂದ ಮೊದಲ ಇಂಟರ್‌ವ್ಯೂಗೆ ಕರೆ ಬಂತು. ಶನಿವಾರ ಬೆಳಿಗ್ಗೆ ನಂಗೆ ಫೋನ್ ಮಾಡಿ, "ಅಕ್ಕ, ಒಂದು ವಿಡಿಯೋ ನೋಡಿದೆ. 'ಬಿಗಿನರ್ಸ್ ಐ ಮೇಕಪ್' ಅಂತ ಹೆಸರು. ಎಣಿಸಿದ್ರೆ 14 ಐಟಂ ಇದೆ. ನನ್ನ ಹತ್ರ ಇರೋದು 600 ರೂಪಾಯಿ. ಏನ್ ಮಾಡ್ಲಿ?" ಅಂದ್ಲು.

ಬರೀ ದುಡ್ಡಿನ ಪ್ರಶ್ನೆ ಆಗಿದ್ರೆ ಎರಡು ನಿಮಿಷದಲ್ಲಿ ಉತ್ತರ ಹೇಳಿಬಿಡ್ತಿದ್ದೆ. ಆದ್ರೆ ಒಂದು ತಿಂಗಳ ಹಿಂದೆ ಕಾಲೇಜಿನ ಫೇರ್‌ವೆಲ್ ದಿನ ಇನ್ನೊಂದು ಕತೆ ಆಗಿತ್ತು. ಐದು ಜನ ಹುಡುಗಿಯರು ಒಂದೇ ಕಾಜಲ್ ಹಚ್ಕೊಂಡಿದ್ರು. ಮೂರನೇ ದಿನಕ್ಕೆ ನಮ್ಮ ಹುಡುಗಿಯ ಬಲಗಣ್ಣಿನ ರೆಪ್ಪೆ ಅಂಚಲ್ಲಿ ಕುರು ಎದ್ದು, ಕಣ್ಣು ಅರ್ಧ ಮುಚ್ಚಿಹೋಗಿತ್ತು. ವಾಸಿಯಾಗೋಕೆ ಹತ್ತು ದಿನ ಹಿಡೀತು. ಹಾಗಾಗಿ ಅವಳ ನಿಜವಾದ ಪ್ರಶ್ನೆ ಬೇರೆ ಇತ್ತು: "ಅಕ್ಕ, ಚೆನ್ನಾಗೂ ಕಾಣ್ಬೇಕು, ಕಣ್ಣೂ ಕೆಡಬಾರದು. ಎರಡೂ ಆಗುತ್ತಾ?"

ಆಗುತ್ತೆ. ಅವತ್ತು ಅವಳಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳ್ತೀನಿ.

ಒಂದೇ ಬೀದಿ, ನಾಲ್ಕು ಹೆಸರು

ಮರ್ಫಿ ಟೌನ್ ಗೊತ್ತಿಲ್ಲದವರಿಗೆ: ಹಲಸೂರಿನ ಪಕ್ಕ, ಓಲ್ಡ್ ಮದ್ರಾಸ್ ರಸ್ತೆ ಹತ್ತಿರ ಬರುತ್ತೆ. ದಂಡು ಪ್ರದೇಶ ಬ್ರಿಟಿಷರ ಕೈಲಿದ್ದಾಗ ಇದ್ದ ಒಬ್ಬ ಇಂಜಿನಿಯರ್ ಹೆಸರು ಈ ಬಡಾವಣೆಗೆ ಬಂದಿದೆ. ಕಂಟೋನ್ಮೆಂಟ್ ಕಡೆಯ ಎಲ್ಲಾ ಹಳೇ ಬಡಾವಣೆಗಳ ಥರ ಇಲ್ಲೂ ಒಂದು ಬೀದಿ ನಡೆದ್ರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತೆ. ಕಣ್ಣಿಗೆ ಹಚ್ಚೋ ಕಪ್ಪಿಗೂ ನಾಲ್ಕು ಹೆಸರು. ನಮ್ಮ ಮನೇಲಿ ಕಾಡಿಗೆ ಅಥವಾ ಕಣ್ಣುಕಪ್ಪು. ಪಕ್ಕದ ತಮಿಳು ಆಂಟಿ ಮನೇಲಿ ಕಣ್ ಮೈ. ಎದುರುಮನೆ ತೆಲುಗಿನವರಿಗೆ ಕಾಟುಕ. ಉರ್ದು ಮಾತಾಡೋ ಮನೆಗಳಲ್ಲಿ ಕಾಜಲ್, ಸುರ್ಮಾ.

ಹೆಸರು ಬೇರೆ ಆದ್ರೂ ಎಲ್ಲವೂ ಒಂದೇ ವಸ್ತು ಅಂದ್ಕೊಂಡಿರ್ತೀವಿ. ತಪ್ಪು ಆಗೋದೇ ಇಲ್ಲಿ. ಇವುಗಳಲ್ಲಿ ಎರಡು ಬೇರೆ ಬೇರೆ ಜಾತಿ ಇದೆ.

ಮೊದಲನೇದು ಮಸಿ. ನಮ್ಮಜ್ಜಿ ಕೋಲಾರದ ಕಡೆಯವರು, ಮನೇಲೇ ಕಾಡಿಗೆ ಮಾಡ್ತಿದ್ರು. ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಿಳಿ ಬಟ್ಟೆ ಅದ್ದಿ, ನೆರಳಲ್ಲಿ ಒಣಗಿಸಿ, ಬತ್ತಿ ಹೊಸೀತಿದ್ರು. ಹರಳೆಣ್ಣೆ ದೀಪ ಹಚ್ಚಿ, ಎರಡು ಲೋಟದ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿಡ್ತಿದ್ರು. ಬೆಳಿಗ್ಗೆ ತಟ್ಟೆಗೆ ಹಿಡಿದ ಮಸಿ ಕೆರೆದು, ಒಂದು ಹನಿ ತುಪ್ಪ ಹಾಕಿ ಕಲಸಿ, ಪುಟ್ಟ ಡಬ್ಬಿಗೆ ತುಂಬಿದ್ರೆ ಮುಗೀತು. ಇದು ಹೆಚ್ಚಾಗಿ ಇಂಗಾಲ. ಇವತ್ತಿನ ಅಂಗಡಿ ಕಾಜಲ್‌ಗಳಲ್ಲೂ ಹಲವು ಬಾರಿ ಇರೋದು ಇದೇ ಇಂಗಾಲದ ಕಪ್ಪು, ಕಾರ್ಖಾನೆಯಲ್ಲಿ ಶುದ್ಧ ಮಾಡಿದ್ದು.

ಎರಡನೇದು ಕಲ್ಲು. ಸಾಂಪ್ರದಾಯಿಕ ಸುರ್ಮಾ ಅಂದ್ರೆ ಹೊಳೆಯೋ ಒಂದು ಖನಿಜವನ್ನ ನುಣ್ಣಗೆ ಅರೆದ ಪುಡಿ. ಹೆಸರಿಗೆ ಅದು ಆಂಟಿಮನಿ ಅಂತಾರೆ. ಪರೀಕ್ಷೆ ಮಾಡಿ ನೋಡಿದಾಗ ಎಷ್ಟೋ ಸಲ ಸಿಕ್ಕಿರೋದು ಗೆಲೀನಾ, ಅಂದ್ರೆ ಸೀಸದ ಸಲ್ಫೈಡ್. ಸೀಸ ದೇಹಕ್ಕೆ ವಿಷ. ಇಷ್ಟು ಪ್ರಮಾಣ ಸುರಕ್ಷಿತ ಅಂತ ಹೇಳೋಕೆ ಆಗೋ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಮಾಡೋ ಹಾನಿ ವಾಪಸ್ ಸರಿಹೋಗೋದಿಲ್ಲ. ಮಗು ಕಣ್ಣು ಉಜ್ಜುತ್ತೆ, ಅದೇ ಕೈ ಬಾಯಿಗೆ ಹೋಗುತ್ತೆ, ಸೀಸ ಹೊಟ್ಟೆಗೆ ಹೋಗೋದು ಹೀಗೆ.

ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ, ಎಫ್‌ಡಿಎ, ಈ ಕಾರಣಕ್ಕೇ ಸಾಂಪ್ರದಾಯಿಕ ಕಾಜಲ್, ಸುರ್ಮಾ ಎರಡರ ಬಗ್ಗೆಯೂ ಹೆಸರು ಹೇಳಿ ಎಚ್ಚರಿಕೆ ಕೊಟ್ಟಿದೆ. ನಮ್ಮ ದೇಶದಲ್ಲೂ ಬಣ್ಣ ಬರಿಸೋಕೆ ಸೀಸ ಅಥವಾ ಆರ್ಸೆನಿಕ್ ಸಂಯುಕ್ತ ಬಳಸಿದ ಕಾಂತಿವರ್ಧಕ ತಯಾರಿಸೋದು ಕಾನೂನಿಗೆ ವಿರುದ್ಧ.

ಇದು ಯಾವ ಸಮುದಾಯದ ಆಚರಣೆಯನ್ನೂ ಟೀಕೆ ಮಾಡೋ ಮಾತಲ್ಲ. ಹಬ್ಬದ ದಿನ ಸುರ್ಮಾ ಹಚ್ಚೋ ಮನೆಗಳಲ್ಲಿ ನಂಗೂ ಗೆಳತಿಯರಿದ್ದಾರೆ. ಅವರಿಗೂ ನಾನು ಹೇಳೋದು ಇಷ್ಟೇ: ಲೇಬಲ್ ಇಲ್ಲದ ಪುಡಿ, ಯಾರೋ ತಂದುಕೊಟ್ಟ ಶೀಷೆ ಬೇಡ. ಅಜ್ಜಿಯ ಕಾಡಿಗೆಗೂ ಒಂದು ಮಾತು. ಅದರಲ್ಲಿ ಸೀಸ ಇಲ್ಲದೇ ಇರಬಹುದು, ಆದ್ರೆ ಅದನ್ನ ಕೆಡದ ಹಾಗೆ ಕಾಪಾಡೋ ವಸ್ತುವೂ ಇಲ್ಲ. ತಿಂಗಳಾನುಗಟ್ಟಲೆ ಅದೇ ಡಬ್ಬಿಗೆ ಬೆರಳು ಹಾಕ್ತಾ ಇದ್ರೆ, ಉಗುರಿನ ಸಂದಿಯ ಕೊಳೆಯೆಲ್ಲ ಒಳಗೆ ಸೇರುತ್ತೆ. ಹಸುಗೂಸಿನ ಕಣ್ಣೊಳಗೆ ಮಾತ್ರ ಯಾವ ಕಾಡಿಗೆಯೂ ಬೇಡ. ದೃಷ್ಟಿ ಬೊಟ್ಟು ಇಡಲೇಬೇಕು ಅನ್ನೋ ಅಜ್ಜಿಯರಿಗೆ ಅಂಗಾಲು ತೋರಿಸಿ.

ರೆಪ್ಪೆ ಅಂಚಲ್ಲಿ ಏನಿದೆ?

ಕನ್ನಡಿ ಹತ್ರ ಹೋಗಿ ಕೆಳ ರೆಪ್ಪೆಯನ್ನ ಮೆಲ್ಲಗೆ ಎಳೆದು ನೋಡಿ. ಕೂದಲು ಹುಟ್ಟೋ ಸಾಲಿಗೂ ಕಣ್ಣುಗುಡ್ಡೆಗೂ ಮಧ್ಯ ಒದ್ದೆಯಾದ, ತಿಳಿ ಗುಲಾಬಿ ಬಣ್ಣದ ಒಂದು ಸಣ್ಣ ಅಂಚು ಕಾಣುತ್ತೆ. ಮೇಕಪ್ ಭಾಷೆಯಲ್ಲಿ ಇದೇ ವಾಟರ್‌ಲೈನ್. ನಾವೆಲ್ಲ ಚಿಕ್ಕಂದಿನಿಂದ ಕಾಡಿಗೆ ಎಳೆಯೋ ಜಾಗ ಇದೇ.

ಆ ಅಂಚಿನಲ್ಲಿ ಸಾಲಾಗಿ ಪುಟ್ಟ ಪುಟ್ಟ ರಂಧ್ರಗಳಿವೆ. ಅವು ಮೈಬೋಮಿಯನ್ ಅನ್ನೋ ಎಣ್ಣೆ ಗ್ರಂಥಿಗಳ ಬಾಯಿ. ಮೇಲೆ ಕೆಳಗೆ ಸೇರಿ ಒಂದು ಕಣ್ಣಿಗೆ ಸುಮಾರು 50 ಇರುತ್ತೆ. ಇವುಗಳಿಂದ ಬರೋ ಎಣ್ಣೆ ಕಣ್ಣೀರಿನ ಮೇಲೆ ತೆಳ್ಳನೆ ಪದರ ಆಗಿ ಹರಡುತ್ತೆ. ಆ ಪದರ ಇಲ್ದಿದ್ರೆ ಕಣ್ಣೀರು ಬೇಗ ಆರಿಹೋಗುತ್ತೆ, ಕಣ್ಣು ಒಣಗಿ ಉರಿಯುತ್ತೆ. ಮೊದಲೇ ದಿನವಿಡೀ ಫೋನ್ ನೋಡಿ, ಕಣ್ಣು ಮಿಟುಕಿಸೋದನ್ನೇ ಕಡಿಮೆ ಮಾಡಿರೋ ನಾವು, ಆ ರಂಧ್ರಗಳ ಮೇಲೆ ದಿನಾ ಮೇಣದ ಪೆನ್ಸಿಲ್ ಉಜ್ಜಿದ್ರೆ ಏನಾಗುತ್ತೆ ಯೋಚ್ನೆ ಮಾಡಿ.

2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕಿ ಅಲಿಸನ್ ಎನ್‌ಜಿ ಇದನ್ನೇ ನೋಡಿದ್ರು. ಹೊಳಪಿನ ಕಣಗಳಿರೋ ಐಲೈನರ್ ಪೆನ್ಸಿಲ್ಲನ್ನ ಒಮ್ಮೆ ರೆಪ್ಪೆಕೂದಲಿನ ಹೊರಗೆ, ಒಮ್ಮೆ ಒಳಗೆ ಹಚ್ಚಿ, ಎಷ್ಟು ಕಣ ಕಣ್ಣೀರಿಗೆ ಸೇರುತ್ತೆ ಅಂತ ವಿಡಿಯೋ ಮಾಡಿ ಎಣಿಸಿದ್ರು. ಒಳಗೆ ಹಚ್ಚಿದಾಗ ಐದೇ ನಿಮಿಷದಲ್ಲಿ ಶೇ 15ರಿಂದ 30ರಷ್ಟು ಹೆಚ್ಚು ಕಣಗಳು ಕಣ್ಣೀರಿಗೆ ಸೇರಿದ್ವು.

ಹಾಗಾಗಿ ಮೊದಲ ನಿಯಮ: ದಿನನಿತ್ಯದ ಮೇಕಪ್ ರೆಪ್ಪೆಕೂದಲಿನ ಹೊರಗೆ ಇರ್ಲಿ. ಒಳ ಅಂಚಿನ ಕಾಡಿಗೆ ಮದುವೆ, ಹಬ್ಬಕ್ಕೆ ಇಟ್ಕೊಳ್ಳಿ. ಲೆನ್ಸ್ ಹಾಕೋರು, ಕಣ್ಣು ಒಣಗೋ ತೊಂದರೆ ಇರೋರು ಅದನ್ನೂ ಬಿಡೋದು ವಾಸಿ.

ಮೊದಲ ಕಿಟ್: 14 ಅಲ್ಲ, ಎರಡೇ

ಆರಂಭಕ್ಕೆ ನಿಜವಾಗಿ ಬೇಕಾಗಿರೋದು ಎರಡು: ಒಂದು ಪೆನ್ಸಿಲ್, ಅದನ್ನ ತೆಗೆಯೋಕೆ ಒಂದು ರಿಮೂವರ್. ಹತ್ತಿ ಪ್ಯಾಡ್ ಮತ್ತು ಇಯರ್ ಬಡ್ಸ್ ಜೊತೆಗೆ. ಉಳಿದಿದ್ದು ಕೈ ಪಳಗಿದ ಮೇಲೆ.

ಪೆನ್ಸಿಲ್ ಯಾವುದು? ಅಂಗಡಿಯಲ್ಲಿ ನಾಲ್ಕು ಥರ ನೋಡ್ತೀರಿ. ಮರದ ಪೆನ್ಸಿಲ್, ತಿರುಗಿಸಿದ್ರೆ ಮೇಲೆ ಬರೋ ಕಾಜಲ್, ಬ್ರಷ್ ಅಥವಾ ಸ್ಕೆಚ್‌ಪೆನ್ ಥರದ ಲಿಕ್ವಿಡ್ ಲೈನರ್, ಪುಟ್ಟ ಡಬ್ಬಿಯ ಜೆಲ್. ಲಿಕ್ವಿಡ್ ಲೈನರ್ ಗೆರೆ ಚೂಪಾಗಿ ಬರುತ್ತೆ, ಆದ್ರೆ ಕೈ ಸ್ವಲ್ಪ ಅಲ್ಲಾಡಿದ್ರೂ ಎಲ್ಲಾ ಅಳಿಸಿ ಮತ್ತೆ ಶುರು ಮಾಡ್ಬೇಕು. ಮೊದಲ ಸಲಕ್ಕೆ ಮೆತ್ತನೆ ಪೆನ್ಸಿಲ್ಲೇ ಸರಿ. ತಪ್ಪಾದ್ರೆ ಬಡ್ಸ್‌ನಲ್ಲಿ ತೀಡಿಬಿಟ್ರೆ ಅದೇ 'ಸ್ಮಜ್ಡ್ ಲುಕ್' ಆಗೋಗುತ್ತೆ! ಮರದ ಪೆನ್ಸಿಲ್‌ಗೆ ಇನ್ನೊಂದು ಲಾಭ ಇದೆ. ಪ್ರತಿ ಸಲ ಮೆಂಡರ್‌ನಲ್ಲಿ ಚೂಪು ಮಾಡಿದಾಗ ಹಳೇ ತುದಿ ಹೋಗಿ ಹೊಸ ತುದಿ ಬರುತ್ತೆ. ಸ್ವಚ್ಛತೆಗೆ ಒಳ್ಳೇದು. ಆ ಮೆಂಡರನ್ನೂ ಆಗಾಗ ಒರೆಸಿ.

ಬಣ್ಣ? ಕಡು ಕಂದು. ನಮ್ಮ ಗೋಧಿ ಬಣ್ಣ, ಕಪ್ಪು ಮೈಬಣ್ಣಕ್ಕೆ ಕಂದು ಚೆನ್ನಾಗಿ ಹೊಂದುತ್ತೆ. ಕಪ್ಪಿನಷ್ಟು ಎದ್ದು ಕಾಣೋದಿಲ್ಲ, ತಪ್ಪೂ ಮುಚ್ಚಿಹೋಗುತ್ತೆ. ಆಮೇಲೆ ನೇವಿ ಬ್ಲೂ, ಮರೂನ್, ಕಂಚಿನ ಬಣ್ಣ ನೋಡಬಹುದು. ಕಪ್ಪು ಮೈಬಣ್ಣದವರು ಬೂದು ಮತ್ತು ತೀರಾ ತಿಳಿ ಐಶ್ಯಾಡೋಗಳನ್ನ ಕೈ ಮೇಲೆ ನೋಡದೆ ಕೊಳ್ಳಬೇಡಿ. ಹಚ್ಚಿದ ಮೇಲೆ ವಿಭೂತಿ ಬಳಿದ ಹಾಗೆ ಕಾಣುತ್ತೆ. ನಿಮ್ಮ ಚರ್ಮದ್ದು ಏನೂ ತಪ್ಪಿಲ್ಲ, ಆ ಬಣ್ಣ ನಿಮ್ಮನ್ನ ಮನಸ್ಸಲ್ಲಿಟ್ಟು ಮಾಡಿದ್ದಲ್ಲ ಅಷ್ಟೇ.

'ವಾಟರ್‌ಪ್ರೂಫ್' ಬೇಕಾ? ಬೆಂಗಳೂರಲ್ಲಿ ಮಧ್ಯಾಹ್ನ ಬಿಸಿಲು, ಸಂಜೆ ಮಳೆ, ಮಧ್ಯ ಹೆಲ್ಮೆಟ್ ಒಳಗಿನ ಬೆವರು. ಹಾಗಾಗಿ ಆಸೆ ಆಗೋದು ಸಹಜ. ಆದ್ರೆ ಎಷ್ಟು ಗಟ್ಟಿಯಾಗಿ ಕೂರುತ್ತೋ ತೆಗೆಯೋಕೂ ಅಷ್ಟೇ ಕಷ್ಟ. ಎಣ್ಣೆ ಅಂಶದ ರಿಮೂವರ್ ಇಲ್ದಿದ್ರೆ ಉಜ್ಜಿ ಉಜ್ಜಿ ರೆಪ್ಪೆಕೂದಲು ಕಿತ್ತು ಬರುತ್ತೆ. ದಿನಾ ಹಚ್ಚೋಕೆ 'ಸ್ಮಜ್‌ಪ್ರೂಫ್' ಸಾಕು.

ಮಸ್ಕಾರಾ ಎರಡನೇ ಹಂತ. ಮೊದಲ ಸಲ ಸಾಧಾರಣದ್ದೇ ತಗೊಳ್ಳಿ, ಫೈಬರ್ ಇರೋದು ಬೇಡ, ಆ ಎಳೆಗಳು ಕಣ್ಣಿಗೆ ಉದುರುತ್ತೆ. ಚಿಕ್ಕ ಟ್ಯೂಬ್ ಸಿಕ್ರೆ ಚಿಕ್ಕದೇ ತಗೊಳ್ಳಿ, ಯಾಕಂದ್ರೆ ತೆರೆದ ಮೂರು ತಿಂಗಳಿಗೆ ಎಸೀಬೇಕು. ಐಶ್ಯಾಡೋ ಪ್ಯಾಲೆಟ್ ಮೂರನೇ ಹಂತ. 18 ಬಣ್ಣದ ಪ್ಯಾಲೆಟ್ ಕೊಂಡ್ರೆ ಕೊನೆಗೆ ಬಳಸೋದು ಮೂರೇ. ಒಂದು ಮ್ಯಾಟ್ ಕಂದು ಸಿಂಗಲ್ ಸಾಕು, ಹುಬ್ಬಿಗೂ ಅದೇ ಆಗುತ್ತೆ.

ಬ್ರ್ಯಾಂಡ್ ವಿಷಯ. ನಮ್ಮ ಪೇಟೆಯಲ್ಲಿ ಸಿಗೋ ಹೆಸರುಗಳಿಗೆ ದೊಡ್ಡ ಚರಿತ್ರೆ ಇದೆ. ಲ್ಯಾಕ್ಮೆ 1952ರಲ್ಲಿ ಟಾಟಾ ಸಂಸ್ಥೆ ಶುರು ಮಾಡಿದ್ದು. ಹೆಸರು ಒಂದು ಫ್ರೆಂಚ್ ಆಪೆರಾದಿಂದ ಬಂತು, ಮೂಲದಲ್ಲಿ ಅದು ನಮ್ಮ 'ಲಕ್ಷ್ಮಿ'ಯೇ. ಮೇಬಲಿನ್ 1915ರದ್ದು. ಸೋದರಿ ಮೇಬಲ್ ರೆಪ್ಪೆಗೆ ವ್ಯಾಸಲೀನ್ ಬೆರೆಸಿದ ಕಪ್ಪು ಹಚ್ಚೋದನ್ನ ನೋಡಿ ಸೋದರ ಕಂಪನಿ ಕಟ್ಟಿದ, ಮೇಬಲ್ ಮತ್ತು ವ್ಯಾಸಲೀನ್ ಸೇರಿ ಆ ಹೆಸರಾಯ್ತು. ಅಮ್ಮಂದಿರ ಕಾಲದ ಐಟೆಕ್ಸ್ ಚೆನ್ನೈನದ್ದು. ಹಿಮಾಲಯ 1930ರಲ್ಲಿ ಡೆಹ್ರಾಡೂನ್‌ನಲ್ಲಿ ಶುರುವಾಗಿ ನಮ್ಮ ಬೆಂಗಳೂರಲ್ಲಿ ನೆಲೆ ನಿಂತ ಕಂಪನಿ. ಇವುಗಳಲ್ಲಿ ಇದೇ ಬೆಸ್ಟ್ ಅಂತ ನಾನು ಹೇಳೋದಿಲ್ಲ. ನಿಮ್ಮ ಕಣ್ಣಿಗೆ ಯಾವುದು ಉರಿಯೋದಿಲ್ಲವೋ, ಯಾವುದು ಅಸಲಿಯೋ, ಅದೇ ಬೆಸ್ಟ್. ಅಸಲಿ ಅಂತ ತಿಳಿಯೋದು ಹೇಗೆ? ಅದಕ್ಕೇ ಬರ್ತೀನಿ.

ಮುಂದಿನ ಹೆಸರಲ್ಲ, ಹಿಂದಿನ ಅಕ್ಷರ ಓದಿ

ಶನಿವಾರ ಸಂಜೆ ನಾವಿಬ್ಬರೂ ಶಿವಾಜಿನಗರದ ಕಡೆ ಹೋದ್ವಿ. ಒಂದು ತಳ್ಳುಗಾಡಿಯಲ್ಲಿ ದೊಡ್ಡ ಕಂಪನಿಯದ್ದೇ ಅನ್ನೋ ಹಾಗಿರೋ ಕಾಜಲ್ ಇತ್ತು, 40 ರೂಪಾಯಿ. ಹುಡುಗಿ ಕೈ ಚಾಚೇಬಿಟ್ಲು. "ಹಿಂದೆ ತಿರುಗಿಸಿ ಓದು" ಅಂದೆ. ಹೆಸರಿನಲ್ಲಿ ಒಂದು ಅಕ್ಷರ ಬೇರೆ. ತಯಾರಕರ ವಿಳಾಸ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ತಾರೀಖೂ ಇಲ್ಲ. ಸುಮ್ನೆ ವಾಪಸ್ ಇಟ್ವಿ.

ಭಾರತದಲ್ಲಿ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ ಇದೆ, ಅದರಡಿ 2020ರಲ್ಲಿ ಕಾಂತಿವರ್ಧಕಗಳಿಗೇ ಪ್ರತ್ಯೇಕ ನಿಯಮ ಬಂದಿದೆ. ಅದರ ಪ್ರಕಾರ ಪ್ಯಾಕ್ ಮೇಲೆ ಇರಬೇಕಾದ್ದನ್ನ ಬೆರಳೆಣಿಸಿ ನೋಡಿ:

- ತಯಾರಕರ ಹೆಸರು, ವಿಳಾಸ.
- ತಯಾರಿಕಾ ಲೈಸೆನ್ಸ್ ಸಂಖ್ಯೆ. 'ಎಂ' ಅಕ್ಷರದಿಂದ ಅಥವಾ ಎಂಎಫ್‌ಜಿ ಲೈಸೆನ್ಸ್ ಅಂತ ಶುರುವಾಗುತ್ತೆ.
- ಬ್ಯಾಚ್ ಸಂಖ್ಯೆ, ಯಾವ ತಿಂಗಳೊಳಗೆ ಬಳಸಬೇಕು ಅನ್ನೋದು.
- ಏನೇನು ಬೆರೆಸಿದ್ದಾರೆ ಅನ್ನೋ ಪಟ್ಟಿ.
- ವಿದೇಶದ್ದಾದ್ರೆ ಆಮದು ನೋಂದಣಿ ಸಂಖ್ಯೆ, ಇಲ್ಲಿಗೆ ತರಿಸಿದವರ ಹೆಸರು ಮತ್ತು ವಿಳಾಸ.

ಪೆನ್ಸಿಲ್ ಸಣ್ಣದು, ಎಲ್ಲ ಅದರ ಮೇಲೆ ಹಿಡಿಸೋದಿಲ್ಲ, ಡಬ್ಬಿ ಮೇಲೆ ಇರುತ್ತೆ. ಹಾಗಾಗಿ ಡಬ್ಬಿ ಎಸೆಯೋ ಮುಂಚೆ ಫೋನ್‌ನಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ.

ಬೆರಕೆಗಳ ಪಟ್ಟಿಯಲ್ಲಿ 'ಸಿಐ' ಅಂತ ಶುರುವಾಗೋ ಐದಂಕಿಯ ಸಂಖ್ಯೆಗಳು ಬಣ್ಣದ ಗುರುತು. ಸಿಐ 77266 ಅಂದ್ರೆ ಇಂಗಾಲದ ಕಪ್ಪು. 77499 ಕಪ್ಪು ಕಬ್ಬಿಣದ ಆಕ್ಸೈಡ್. 77491, 77492 ಅಂದ್ರೆ ಕೆಂಪು, ಹಳದಿ ಕಬ್ಬಿಣದ ಆಕ್ಸೈಡ್, ಕಂದು ಬರೋದು ಇವುಗಳಿಂದ. ಇಷ್ಟು ಗೊತ್ತಿದ್ರೆ ಲೇಬಲ್ ಓದೋಕೆ ಭಯ ಇರಲ್ಲ. ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಅದರೊಳಗೆ '6 ಎಂ' ಅಂತ ಬರೆದಿದ್ರೆ ತೆರೆದ ಮೇಲೆ ಆರು ತಿಂಗಳು ಬಳಸಬಹುದು ಅಂತ ಅರ್ಥ. 'ಹರ್ಬಲ್', 'ನ್ಯಾಚುರಲ್' ಅನ್ನೋದು ಮಾರಾಟದ ಮಾತು, ಅದನ್ನ ನೋಡಿ ಧೈರ್ಯ ತಗೋಬೇಡಿ. ಗೆಲೀನಾ ಕೂಡ ನೂರಕ್ಕೆ ನೂರು ನ್ಯಾಚುರಲ್ಲೇ!

ಇಷ್ಟೆಲ್ಲಾ ಕಾನೂನು ಯಾಕೆ ಅನ್ಸಬಹುದು. ಅಮೆರಿಕದಲ್ಲಿ 1933ರ ಸುಮಾರಿಗೆ ಲ್ಯಾಶ್ ಲ್ಯೂರ್ ಅನ್ನೋ ರೆಪ್ಪೆಕೂದಲಿನ ಡೈ ಮಾರಾಟ ಆಗ್ತಿತ್ತು. ಅದರಲ್ಲಿದ್ದ ರಾಸಾಯನಿಕದಿಂದ ಹೆಂಗಸರ ಕಣ್ಣುಗಳು ಹುಣ್ಣಾದ್ವು, ದೃಷ್ಟಿ ಹೋದವರಿದ್ರು. ಆಗ ಅಲ್ಲಿನ ಕೇಂದ್ರ ಕಾನೂನಿಗೆ ಕಾಂತಿವರ್ಧಕಗಳನ್ನ ಮುಟ್ಟೋ ಅಧಿಕಾರವೇ ಇರಲಿಲ್ಲ. 1938ರಲ್ಲಿ ಹೊಸ ಕಾಯ್ದೆ ಬಂದ ಮೇಲೇ ಅದನ್ನ ಮಾರುಕಟ್ಟೆಯಿಂದ ತೆಗೆಯೋಕೆ ಸಾಧ್ಯ ಆಗಿದ್ದು. ಆ ರಾಸಾಯನಿಕದ ಹೆಸರು ಪಿಪಿಡಿ. ಇವತ್ತಿಗೂ ತಲೆಗೂದಲಿನ ಡೈಗಳಲ್ಲಿ ಅದು ಇರುತ್ತೆ. ಹಾಗಾಗಿ ತಲೆಗೆ ಹಚ್ಚೋ ಡೈ, ಕಪ್ಪು ಮೆಹಂದಿ ಯಾವುದನ್ನೂ ಹುಬ್ಬಿಗೆ, ರೆಪ್ಪೆಗೆ ಹಚ್ಚೋ ಪ್ರಯೋಗ ಮಾಡ್ಬೇಡಿ.

ಅಂಗಡಿಯ ಟೆಸ್ಟರ್ ಬಗ್ಗೆಯೂ ಹೇಳ್ಬಿಡ್ತೀನಿ. ಎಷ್ಟು ಜನರ ಕಣ್ಣು ಸವರಿ ಬಂದಿದೆಯೋ ಯಾರಿಗೂ ಗೊತ್ತಿಲ್ಲ. ಬಣ್ಣ ನೋಡ್ಬೇಕಂದ್ರೆ ಮುಂಗೈ ಮೇಲೆ ಗೆರೆ ಎಳೆದು ನೋಡಿ, ಕಣ್ಣಿಗೆ ಬೇಡ.

ಹಚ್ಚೋದು ಹೇಗೆ: ಐದು ನಿಮಿಷದ ವಿಧಾನ

ಭಾನುವಾರ ಚಿಕ್ಕಮ್ಮನ ಮನೆ ಕಿಟಕಿ ಪಕ್ಕ ಕೂತು ಪ್ರಾಕ್ಟೀಸ್ ಮಾಡಿದ್ವಿ. ಟ್ಯೂಬ್‌ಲೈಟ್‌ಗಿಂತ ಹಗಲು ಬೆಳಕು ಉತ್ತಮ.

ಮೊದಲು ಸೋಪ್ ಹಾಕಿ ಕೈ ತೊಳೀರಿ. ರೆಪ್ಪೆ ಜಿಡ್ಡಾಗಿದ್ರೆ ಟಿಶ್ಯೂ ಒತ್ತಿ ತೆಗೀರಿ, ಜಿಡ್ಡಿನ ಮೇಲೆ ಪೆನ್ಸಿಲ್ ನಿಲ್ಲೋದಿಲ್ಲ. ಕನ್ನಡಿಯನ್ನ ಗೋಡೆಗೆ ನೇತುಹಾಕಿದ್ದು ಬೇಡ, ಮೇಜಿನ ಮೇಲೆ ಗಲ್ಲಕ್ಕಿಂತ ಕೆಳಗೆ ಇಡಿ. ಕೆಳಗೆ ನೋಡಿದಾಗ ಮೇಲಿನ ರೆಪ್ಪೆ ತಾನಾಗೇ ಚಾಚಿಕೊಳ್ಳುತ್ತೆ, ಬೆರಳಲ್ಲಿ ಎಳೆಯೋ ಅಗತ್ಯ ಇಲ್ಲ.

ಮೊಣಕೈ ಮೇಜಿಗೆ ಊರಿ, ಕಿರುಬೆರಳು ಕೆನ್ನೆಗೆ ತಾಗಿಸಿ. ಕೈ ನಡುಗೋದು ನಿಲ್ಲೋಕೆ ಇದೊಂದೇ ಉಪಾಯ. ಈಗ ಒಂದೇ ಗೆರೆ ಎಳೆಯೋಕೆ ಹೋಗ್ಬೇಡಿ. ರೆಪ್ಪೆಕೂದಲಿನ ಬುಡದ ಮೇಲೆ, ಹೊರತುದಿಯಿಂದ ಮಧ್ಯದವರೆಗೆ ಐದಾರು ಚುಕ್ಕಿ ಇಡಿ, ರಂಗೋಲಿ ಚುಕ್ಕಿ ಥರ. ಆಮೇಲೆ ಸಣ್ಣ ಸಣ್ಣ ಗೀಟಲ್ಲಿ ಅವುಗಳನ್ನ ಸೇರಿಸಿ. ಒಳತುದಿಗೆ, ಮೂಗಿನ ಕಡೆಗೆ ಬೇಡ. ಬಡ್ಸ್ ತಗೊಂಡು ಹೊರಮುಖವಾಗಿ ಒಂದೇ ಸಲ ಮೆಲ್ಲಗೆ ತೀಡಿ. ಕಣ್ಣು ತೆರೆದು ನೇರ ನೋಡಿ. ಗೆರೆ ಕಾಣ್ದಿದ್ರೆ ಮಾತ್ರ ಇನ್ನೊಂದು ಪದರ.

ಕೆಲವರ ಕಣ್ಣು ತೆರೆದಾಗ ಮೇಲಿನ ಚರ್ಮ ಮಡಿಚಿ ಗೆರೆಯನ್ನ ಮುಚ್ಚಿಬಿಡುತ್ತೆ. ಅಂಥವರು ದಪ್ಪ ಗೆರೆ ಎಳೆದ್ರೆ ಅದು ಮೇಲಿನ ಮಡಿಕೆಗೆ ಅಂಟುತ್ತೆ. ತೆಳುವಾಗಿ ಎಳೆದು, ಹೊರತುದಿಯಲ್ಲಿ ಮಾತ್ರ ಸ್ವಲ್ಪ ಗಾಢ ಮಾಡಿ. ಕೆಳಗಡೆ ಹಚ್ಚಲೇಬೇಕು ಅನ್ಸಿದ್ರೆ, ಬಡ್ಸ್‌ಗೆ ಉಳಿದಿರೋ ಬಣ್ಣವನ್ನ ಹೊರಗಿನ ಮೂರನೇ ಒಂದು ಭಾಗಕ್ಕೆ ಸವರಿ, ಸಾಕು.

ಕನ್ನಡಕ ಹಾಕೋರಿಗೆ ಒಂದು ಗುಟ್ಟು. ಮೈನಸ್ ಪವರ್ ಗಾಜು ಕಣ್ಣನ್ನ ಚಿಕ್ಕದಾಗಿ ತೋರಿಸುತ್ತೆ, ಅವರು ಗೆರೆ ಸ್ವಲ್ಪ ಗಾಢ ಮಾಡಬಹುದು. ಪ್ಲಸ್ ಪವರ್ ದೊಡ್ಡದಾಗಿ ತೋರಿಸುತ್ತೆ, ಅವರಿಗೆ ತೆಳು ಗೆರೆ ಚೆಂದ. ಕಾಂಟ್ಯಾಕ್ಟ್ ಲೆನ್ಸ್ ಇದ್ರೆ ಮೊದಲು ಲೆನ್ಸ್, ಆಮೇಲೆ ಮೇಕಪ್. ರಾತ್ರಿ ಕೂಡ ಮೊದಲು ಲೆನ್ಸ್ ತೆಗೀರಿ, ಆಮೇಲೆ ಮೇಕಪ್ ತೆಗೀರಿ.

ಓಡೋ ಬಸ್ಸು, ಆಟೋದಲ್ಲಿ ಪೆನ್ಸಿಲ್ ಹಿಡೀಬೇಡಿ. ಒಂದು ಹಂಪ್ ಸಾಕು, ತುದಿ ಕಣ್ಣಿನ ಕರಿಗುಡ್ಡೆಯನ್ನ ಗೀರಿಬಿಡುತ್ತೆ.

ತೆಗೆಯೋದೂ ಮೇಕಪ್ಪೇ

ಹೆಚ್ಚಿನ ವಿಡಿಯೋಗಳು ಮೇಕಪ್ ಮುಗಿದ ಕೂಡ್ಲೇ ಮುಗಿದುಹೋಗುತ್ತೆ. ಆದ್ರೆ ಅರ್ಧ ಕೆಲಸ ಇನ್ನೂ ಬಾಕಿ ಇರುತ್ತೆ. ರಾತ್ರಿ ಮಲಗೋ ಮುಂಚೆ ತೆಗೆಯೋಷ್ಟು ತಾಳ್ಮೆ ಇಲ್ಲ ಅಂದ್ರೆ ಅವತ್ತು ಹಚ್ಚಲೇಬೇಡಿ.

ಹತ್ತಿ ಪ್ಯಾಡ್‌ಗೆ ಮೈಸೆಲ್ಲಾರ್ ವಾಟರ್ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಇಟ್ಟು 20ರವರೆಗೆ ಎಣಿಸಿ. ಆಮೇಲೆ ಮೇಲಿಂದ ಕೆಳಗೆ ಒಂದು ಸಲ ಒರೆಸಿ. ಉಜ್ಜೋ ಹಾಗಿಲ್ಲ. ಪ್ರತಿ ಕಣ್ಣಿಗೂ ಬೇರೆ ಪ್ಯಾಡ್. ಕೊನೆಗೆ ನೀರಲ್ಲಿ ಮುಖ ತೊಳೀರಿ. ಕೊಬ್ಬರಿ ಎಣ್ಣೆ ಆಗಲ್ವಾ ಅಂತ ನಮ್ಮ ಹುಡುಗಿ ಕೇಳಿದ್ಲು. ಗಟ್ಟಿ ಲೈನರ್ ಕರಗಿಸೋಕೆ ಆಗುತ್ತೆ, ಆದ್ರೆ ಕಣ್ಣು ಮುಚ್ಚಿರ್ಬೇಕು, ಒಳಗೆ ಹೋದ್ರೆ ಮಂಜು ಮಂಜಾಗುತ್ತೆ. ಆಮೇಲೆ ಫೇಸ್‌ವಾಶ್ ಹಾಕಿ ಜಿಡ್ಡು ಪೂರ್ತಿ ತೊಳೀಬೇಕು.

ಹಂಚ್ಕೊಳ್ಳಬೇಡಿ, ಮುಚ್ಚಿಡಬೇಡಿ

ಗೆಳತಿ ಕೇಳಿದ್ರೆ ಊಟ ಹಂಚ್ಕೊಳ್ಳಿ, ನೋಟ್ಸ್ ಹಂಚ್ಕೊಳ್ಳಿ, ಕಾಜಲ್ ಬೇಡ. ಕೆಟ್ಟದಾಗಿ ಅನ್ಸುತ್ತೆ, ಗೊತ್ತು. ಆದ್ರೆ ರೆಪ್ಪೆ ಅಂಚಲ್ಲಿರೋ ಬ್ಯಾಕ್ಟೀರಿಯಾ, ನಾವೆಲ್ಲ 'ಮದ್ರಾಸ್ ಐ' ಅಂತ ಕರೆಯೋ ಕೆಂಗಣ್ಣಿನ ಸೋಂಕು, ಎರಡೂ ಒಂದೇ ಪೆನ್ಸಿಲ್ ತುದಿಯಿಂದ ದಾಟಬಹುದು. ಕೆಂಗಣ್ಣು ಬಂದಾಗ ಬಳಸಿದ ಕಾಜಲ್, ಮಸ್ಕಾರಾ ಎಷ್ಟೇ ಬೆಲೆಯದ್ದಾದ್ರೂ ಕಸದ ಬುಟ್ಟಿಗೆ ಹಾಕಿ. ಮಸ್ಕಾರಾ ಒಣಗಿದ್ರೆ ನೀರು, ಎಂಜಲು ಹಾಕಿ ತೆಳು ಮಾಡೋದು ಬೇಡವೇ ಬೇಡ.

ರೆಪ್ಪೆಗೆ ಕುರು ಎದ್ರೆ ಹಿಸುಕಬೇಡಿ. ಶುದ್ಧ ಬಟ್ಟೆಯನ್ನ ಬಿಸಿನೀರಲ್ಲಿ ಅದ್ದಿ ಹಿಂಡಿ, ಹದವಾದ ಬಿಸಿ ಇರೋವಾಗ ದಿನಕ್ಕೆ ಮೂರು ನಾಲ್ಕು ಸಲ ಐದೈದು ನಿಮಿಷ ಶಾಖ ಕೊಡಿ. ನೋವು ಜಾಸ್ತಿ ಆಗ್ತಿದ್ರೆ, ದೃಷ್ಟಿ ಮಂಜಾದ್ರೆ, ಬೆಳಕು ನೋಡೋಕೆ ಆಗ್ದಿದ್ರೆ, ಕೀವು ಬಂದ್ರೆ, ಕಾಯೋದು ಬೇಡ. ಮರ್ಫಿ ಟೌನ್ ಸುತ್ತಮುತ್ತ ಇರೋರಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಹತ್ತಿರ. ಚಾಮರಾಜಪೇಟೆ ಕಡೆ ಸರ್ಕಾರಿ ಮಿಂಟೊ ಕಣ್ಣಿನ ಆಸ್ಪತ್ರೆ ಇದೆ, 1896ರಿಂದ ನಡೀತಿರೋದು.

ಮೆಡಿಕಲ್ ಶಾಪಲ್ಲಿ "ಕಣ್ಣು ಕೆಂಪಾಗಿದೆ, ಏನಾದ್ರೂ ಡ್ರಾಪ್ಸ್ ಕೊಡಿ" ಅಂತ ಕೇಳಿ ಹಾಕ್ಕೋಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ರೆ ಎರಡು ದಿನ ಕೆಂಪು ಇಳಿದ ಹಾಗೆ ಕಾಣುತ್ತೆ, ಒಳಗೆ ಸೋಂಕು ಬೆಳೀಬಹುದು. ತುಂಬಾ ದಿನ ಹಾಕಿದ್ರೆ ಕಣ್ಣಿನ ಒತ್ತಡವೂ ಏರುತ್ತೆ. ನಮ್ಮ ಹುಡುಗಿ ಮನೇಲಿ ಹೇಳಿದ್ರೆ ಬೈತಾರೆ ಅಂತ ಕಾಜಲ್ ವಿಷಯವನ್ನೇ ನಾಲ್ಕು ದಿನ ಮುಚ್ಚಿಟ್ಟಿದ್ಲು. ಕೇಳ್ತಿರೋ ಅಮ್ಮಂದಿರಿಗೆ ನನ್ನ ವಿನಂತಿ: ಬೈಯೋದನ್ನ ಆಮೇಲೆ ಇಟ್ಕೊಳ್ಳಿ, ಮೊದಲು ಕಣ್ಣು ನೋಡಿ.

ಲೆಕ್ಕ ಮತ್ತು ಸೋಮವಾರ

ಅವತ್ತಿನ ನಮ್ಮ ಖರ್ಚು: ಕಂದು ಪೆನ್ಸಿಲ್ 199, ಚಿಕ್ಕ ಬಾಟಲಿ ಮೈಸೆಲ್ಲಾರ್ ವಾಟರ್ 125, ಹತ್ತಿ ಪ್ಯಾಡ್ 60, ಬಡ್ಸ್ 30. ಒಟ್ಟು 414 ರೂಪಾಯಿ. ಉಳಿದಿದ್ದರಲ್ಲಿ ಇಬ್ಬರೂ ಎಗ್ ಪಫ್ ತಿಂದು, ಟೀ ಕುಡಿದು ಮನೆಗೆ ಬಂದ್ವಿ. 14 ಐಟಂನಲ್ಲಿ 12 ಅಂಗಡಿಯಲ್ಲೇ ಉಳೀತು.

ಸೋಮವಾರ ಬೆಳಿಗ್ಗೆ ಹಲಸೂರು ಸ್ಟೇಷನ್‌ನಿಂದ ನೇರಳೆ ಮಾರ್ಗದ ರೈಲು ಹತ್ತಿದ್ಲು. ಕೆ.ಆರ್. ಪುರ ದಾಟಿದ ಮೇಲೆ ಒಂದು ಸೆಲ್ಫಿ ಕಳಿಸಿದ್ಲು. ಮೇಲಿನ ರೆಪ್ಪೆಗೆ ತೆಳು ಕಂದು ಗೆರೆ, ಅಷ್ಟೇ. ಮೇಕಪ್ ಮಾಡಿದಾಳೆ ಅಂತ ಗೊತ್ತೇ ಆಗಲ್ಲ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಎದ್ದ ಹಾಗಿದ್ಲು. ಕೆಳಗೆ ಬರೆದಿದ್ಲು: "ಅಕ್ಕ, ಕಣ್ಣು ಉರೀತಿಲ್ಲ. ಎದೆ ಮಾತ್ರ ಡವಡವ."

ಕೆಲಸ ಸಿಕ್ತಾ ಅಂತ ಕೇಳ್ತೀರಾ? ಎರಡನೇ ರೌಂಡ್‌ಗೆ ಕರೆದಿದ್ದಾರೆ. ಆ ಪೆನ್ಸಿಲ್ ಮೇಲೆ ತೆರೆದ ತಾರೀಖನ್ನ ಸ್ಕೆಚ್‌ಪೆನ್‌ನಲ್ಲಿ ಬರೆದಿಟ್ಟಿದಾಳೆ, ಯಾರಿಗೂ ಕೊಡಲ್ವಂತೆ. ನೀವೂ ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಪೌಚ್ ತೆಗೆದು, ಒಂದೊಂದರ ಹಿಂಬದಿಯನ್ನೂ ಓದಿ ನೋಡಿ. ತಾರೀಖು ಇಲ್ಲದ್ದು, ಮುಗಿದದ್ದು, ಯಾರದೋ ಕಣ್ಣಿಗೆ ಹಚ್ಚಿದ್ದು, ಎಲ್ಲಾ ತೆಗೆದು ಎಸೆದು ಮಲಗಿ.